ಸದ್ದಿಲ್ಲದೆ ಚಾಲೂ ಆದ ಗಾಡಿ

ನಮ್ಮ ಕಡೆಯ ಚಳಿ ಎಂದರೆ ಬೇರೆ ಊರಿನವರು ನಗುತ್ತಾರೆ. ಬಿಸಿಲಿಗೆ ಹೆಸರಾದ ಸೀಮೆ ಇದು. ನಮ್ಮೂರು ವಾಡಿಯ ಮೇ ತಿಂಗಳನ್ನು ಒಮ್ಮೆ ಕಂಡವರಿಗೆ ಇಲ್ಲಿಯೂ ಸ್ವೆಟರ್ ಮಾರುತ್ತಾರೆಂದರೆ ನಂಬಿಕೆ ಬರುವುದಿಲ್ಲ. ಆದರೆ ಎಳ್ಳಮಾವಾಸ್ಯೆಯ ಹಿಂದುಮುಂದಿನ ವಾರಗಳಲ್ಲಿ ನಸುಕಿಗೆ ಎದ್ದು ಹೊರಗೆ ಬಂದು ನೋಡಬೇಕು. ಅಂಗಳದ ಹಾಸುಗಲ್ಲು ಅಂಗಾಲಿಗೆ ಕಚ್ಚುತ್ತದೆ, ತೊಗರಿ ಹೊಲಗಳ ಕಡೆಯಿಂದ ಬೀಸುವ ಗಾಳಿಗೆ ಕಿವಿ ಸೆಟೆದುಕೊಳ್ಳುತ್ತದೆ. ಮನುಷ್ಯರು ಶಾಲು ಹೊದ್ದು, ಇನ್ನೊಂದು ಕಪ್ ಚಹಾ ಕುಡಿದು ಹೇಗೋ ನಿಭಾಯಿಸುತ್ತಾರೆ. ಗಾಡಿಗಳಿಗೆ ಆ ಅನುಕೂಲವಿಲ್ಲ.

ನನ್ನದು ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು. ಮನೆ ವಾಡಿಯಲ್ಲಿ, ಕೆಲಸ ಚಿತ್ತಾಪುರದ ಕೋರ್ಟಿನಲ್ಲಿ. ಬಸ್ಸಿದೆ, ರೈಲೂ ಇದೆ. ಆದರೆ ಪಕ್ಕದ ಸೀಟಿನಲ್ಲಿ ಕುಳಿತವರು ಟಿಕೆಟ್ ತೆಗೆಸುವ ಮೊದಲೇ "ಮದುವಿ ಯಾಕ ಆಗಿಲ್ರಿ?" ಎಂದು ಕೇಳುವುದು ನನಗೆ ಸಾಕುಸಾಕಾಗಿತ್ತು. ಒಬ್ಬಳೇ ಇರುವುದು ನಾನಾಗಿ ಆರಿಸಿಕೊಂಡ ಬಾಳು. ಅದರಲ್ಲಿ ನನಗೆ ಯಾವ ದುಃಖವೂ ಇಲ್ಲ, ದಿನಾ ಬೆಳಗ್ಗೆ ಅದಕ್ಕೆ ವಿವರಣೆ ಕೊಡುವ ತಾಳ್ಮೆ ಇಲ್ಲ ಅಷ್ಟೆ. ಗಾಡಿ ಏನೂ ಕೇಳುವುದಿಲ್ಲವಲ್ಲ ಎಂದು ಅದನ್ನು ಕೊಂಡೆ. ಕೇಳಲಿಲ್ಲ ನಿಜ, ಆದರೆ ಅದು ಕಿರುಚುತ್ತಿತ್ತು.

ಬೇಸಿಗೆಯಲ್ಲಿ ಅದರಷ್ಟು ಸಾಧು ಗಾಡಿ ಇಲ್ಲ. ಥಂಡಿ ಬಿತ್ತೆಂದರೆ ಅದರ ಸ್ವಭಾವವೇ ಬೇರೆಯಾಗುತ್ತಿತ್ತು. ಮೊದಲ ತಕರಾರು ಮುಂದಿನ ಗಾಜಿನದು. ನಮ್ಮೂರಲ್ಲಿ ಸಿಮೆಂಟ್ ಕಾರ್ಖಾನೆಯ ಧೂಳು ಬೇವಿನ ಎಲೆಯಿಂದ ಹಿಡಿದು ಒಣಹಾಕಿದ ಸೀರೆಯವರೆಗೆ ಎಲ್ಲದರ ಮೇಲೂ ಕೂರುತ್ತದೆ. ರಾತ್ರಿ ಇಬ್ಬನಿ ಬಿದ್ದು ಅದರ ಜೊತೆ ಕಲೆತರೆ ಬೆಳಗಾಗುವಷ್ಟರಲ್ಲಿ ಗಾಜಿಗೆ ಯಾರೋ ಗಿಲಾವು ಮಾಡಿ ಹೋದ ಹಾಗಿರುತ್ತದೆ. ಹೊರಗಿನಿಂದ ಬಂದವರು ಅದರ ಮೇಲೆ ವೈಪರ್ ಆಡಿಸಿ ಗಾಜನ್ನೆಲ್ಲ ಗೀರಿಸಿಕೊಳ್ಳುತ್ತಾರೆ. ನಾವು ಸಂಜೆಗೇ ಒಣ ಬಟ್ಟೆಯಿಂದ ಝಾಡಿಸಿ, ಮೇಲೆ ಒಂದು ಗೋಣಿಚೀಲ ಹೊದಿಸಿ ಮಲಗುತ್ತೇವೆ.

ಗೋಣಿಚೀಲ ತೆಗೆದು ಒಳಗೆ ಕುಳಿತು ಕೀಲಿ ತಿರುಗಿಸಿದರೆ ಮೊದಲು 'ಕರ್ರ್ ಕರ್ರ್' ಎಂದು ಕೆಮ್ಮು. ನಿಲ್ಲಿಸಬೇಕು, ಇಂಜಿನ್ನಿನ ಒಳಗೆ ಕಾವು ಕೊಡುವ ಹೀಟರ್ ಪ್ಲಗ್ಗಿನ ದೀಪ ಆರುವ ತನಕ ಕಾಯಬೇಕು, ಮತ್ತೆ ತಿರುಗಿಸಬೇಕು. ಕೊನೆಗೆ ಹಿಂದಿನಿಂದ ಬಿಳಿ ಹೊಗೆ ಬಿಟ್ಟು ಎಚ್ಚರವಾಗುತ್ತಿತ್ತು. ಎಚ್ಚರವಾದ ಕೂಡಲೇ ಶುರು ಅದರ ಕಿರುಚಾಟ. ಎಣ್ಣೆ ಕಾಣದ ಬಾವಿಯ ಗಾಲಿಯಂತೆ 'ಕೀಂಯ್' ಎಂದು ಹಿಡಿದ ಒಂದೇ ಸ್ವರವನ್ನು ಇಂಜಿನ್ ಬಿಸಿಯಾಗುವ ತನಕ ಬಿಡುತ್ತಿರಲಿಲ್ಲ. ನಮ್ಮ ಗಲ್ಲಿ ಕಿರಿದು, ಗೋಡೆಗೆ ಗೋಡೆ ಅಂಟಿದ ಮನೆಗಳು. ಆ ಸದ್ದು ಹೋಗದ ಮೂಲೆ ಇರಲಿಲ್ಲ.

ಗಲ್ಲಿಯವರು ಬೈಯಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದರು, ಅದನ್ನು ಉಪಯೋಗಿಸಿಕೊಂಡರು. "ಅಕ್ಕೋರ ಗಾಡಿ ಒದರ್ತು, ಏಳ್ರಿ" ಎಂದು ಎದುರು ಮನೆಯಾಕೆ ಮಕ್ಕಳನ್ನು ಎಬ್ಬಿಸುವುದು ನನಗೆ ಕೇಳಿಸುತ್ತಿತ್ತು. ಮೂಲೆ ಮನೆಯ ನಿವೃತ್ತ ರೈಲ್ವೆ ನೌಕರರು ಸ್ನಾನದ ನೀರಿಗೆ ಒಲೆ ಹಚ್ಚುತ್ತಿದ್ದದ್ದೂ ಅದೇ ಸದ್ದಿಗೆ. ಒಮ್ಮೆ ನಾನು ರಜೆಯ ದಿನ ಗಾಡಿ ತೆಗೆಯದೆ ಮಲಗಿದೆ. "ನಿಮ್ಮಿಂದ ಇವತ್ತ ಎಲ್ಲಾ ತಡ ಆಯ್ತು ನೋಡ್ರಿ" ಎಂದು ಅವರು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ನಾನು ನಕ್ಕೆ, ಒಳಗೊಳಗೇ ಸಿಟ್ಟು ಬಂದಿತ್ತು.

ಕಿರುಚಾಟದ ಜೊತೆಗೆ ಇನ್ನೊಂದು ರೋಗವಿತ್ತು. ಇಂಜಿನ್ನನ್ನು ತಂಪಾಗಿಡುವ ನೀರು ಮೆಲ್ಲಗೆ ಕಡಿಮೆಯಾಗುತ್ತಿತ್ತು. ಎಲ್ಲಿ ಹೋಗುತ್ತದೆಂದು ತಿಳಿಯುತ್ತಿರಲಿಲ್ಲ. ನೆಲದ ಮೇಲೆ ಒಂದಿಷ್ಟು ಒದ್ದೆ ಕಂಡರೂ ಇಬ್ಬನಿ ಇರಬೇಕೆಂದು ಬಿಡುತ್ತಿದ್ದೆ. ಕಡಿಮೆಯಾದಾಗಲೆಲ್ಲ ನಳದಿಂದ ಒಂದು ತಂಬಿಗೆ ಬೋರಿನ ನೀರು ಹಿಡಿದು ಸುರಿಯುತ್ತಿದ್ದೆ. ನಾನೊಬ್ಬಳೇ ಅಲ್ಲ, ಶಹಾಬಾದಿನಿಂದ ಸೇಡಂವರೆಗೆ ಎಲ್ಲರೂ ಮಾಡುವುದು ಇದನ್ನೇ. ಅಂಗಡಿಯಲ್ಲಿ ಡಬ್ಬಿಯಲ್ಲಿ ಮಾರುವ ಹಸಿರು ಕೂಲಂಟನ್ನು ನಮ್ಮವರು ಶರಬತ್ತು ಎಂದು ಗೇಲಿ ಮಾಡುತ್ತಾರೆ. "ನಾವ್ ಕುಡಿಯೋ ನೀರ ಗಾಡಿಗ್ಯಾಕ ಆಗಂಗಿಲ್ಲ?" ಎನ್ನುವುದು ಅವರ ವಾದ. ನೆಲದಡಿಯೆಲ್ಲ ಸುಣ್ಣದ ಕಲ್ಲಿರುವ ಊರು ಇದು. ಇಲ್ಲಿ ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಪದರು ಕಟ್ಟಿ ಅದು ವರ್ಷದಿಂದ ವರ್ಷಕ್ಕೆ ಭಾರವಾಗುತ್ತದೆ, ಮನೆಗೊಬ್ಬರಿಗೆ ಕಿಡ್ನಿಯಲ್ಲಿ ಹರಳು. ಇಷ್ಟನ್ನು ಕಣ್ಣಾರೆ ಕಾಣುತ್ತ ಅದೇ ನೀರನ್ನು ಇಂಜಿನ್ನಿಗೂ ಕುಡಿಸುತ್ತೇವೆ.

ನನ್ನ ಮನೆಯ ಎಡಗೋಡೆಗೆ ಹತ್ತಿದ ಮನೆಯಲ್ಲಿ ಕಾಗಿಣಾ ಹೊಳೆಯ ದಂಡೆಯ ಹಳ್ಳಿಯೊಂದರಿಂದ ಬಂದ ಕುಟುಂಬವಿತ್ತು. ತಾಯಿ, ಮಗ, ಸೊಸೆ. ಮಗ ರಾವೂರ ಹತ್ತಿರದ ಕಲ್ಲಿನ ಖಣಿಯಲ್ಲಿ ಕಟಿಂಗ್ ಮಷೀನು ನಡೆಸುತ್ತಿದ್ದ. ಅವನ ಪಾಳಿ ಹೆಚ್ಚಾಗಿ ರಾತ್ರಿಯದು, ಬೈಕಿನಲ್ಲಿ ಹೋದರೆ ಬಿಸಿಲೇರಿದ ಮೇಲೆಯೇ ಬರುತ್ತಿದ್ದ. ಸೊಸೆ ಬಸುರಿ. ನಾನು ಹೇಳುತ್ತಿರುವ ಚಳಿಗಾಲದಲ್ಲಿ ಅವಳಿಗೆ ದಿನ ತುಂಬುತ್ತ ಬಂದಿತ್ತು.

ಅದು ಅವಳ ಎರಡನೆಯ ಹೆರಿಗೆ. ಮೊದಲನೆಯದಕ್ಕೆ ಪದ್ಧತಿಯಂತೆ ತವರಿಗೆ ಹೋಗಿದ್ದಳು. ತವರು ಚಿಂಚೋಳಿ ಕಡೆಯ ಒಂದು ಹಳ್ಳಿ, ಗುಡ್ಡ ಮತ್ತು ಕಾಡು ಇರುವುದರಿಂದ ಅಲ್ಲಿಯ ಚಳಿ ನಮ್ಮದಕ್ಕಿಂತ ಜೋರು. ನಸುಕಿಗೆ ಬೇನೆ ಬಂದಿದೆ, ಆಂಬುಲೆನ್ಸ್ ಬೇರೆ ಊರಿಗೆ ಹೋಗಿದೆ, ಪರಿಚಯದವರ ಜೀಪು ಕರೆಸಿದ್ದಾರೆ. ಥಂಡಿಗೆ ಆ ಜೀಪು ಮೊದಲು ಚಾಲೂ ಆಗಲಿಲ್ಲ. ಕೊನೆಗೆ ಚಾಲೂ ಆದರೂ ದಾರಿಯಲ್ಲಿ ನಿಂತಿತು. ಕೂಸು ರಸ್ತೆಯಲ್ಲೇ ಹುಟ್ಟಿತು, ಉಳಿಯಲಿಲ್ಲ. ಈ ಸಲ ಕೂಸು ಅಡ್ಡ ತಿರುಗಿದೆ, ಬೇನೆ ಶುರುವಾದ ಕೂಡಲೇ ತಡಮಾಡದೆ ಕರೆತನ್ನಿ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಹಗಲು ಹೊತ್ತಾದರೆ ಏನಾದರೂ ಸಿಗುತ್ತದೆ. ಆ ಮನೆಯವರಿಗೆ ಭಯವಿದ್ದದ್ದು ನಸುಕಿನದು.

ಅವಳ ಅತ್ತೆ ಒಂದು ಸಂಜೆ ನನ್ನ ಮನೆಗೆ ಬಂದು ಬಾಗಿಲಲ್ಲೇ ನಿಂತರು.

"ತಂಗೀ, ನಿನ್ನ ಗಾಡೀನ ನಂಬೀವಿ ನೋಡವ್ವಾ. ಯಾವ ಯಾಳ್ಯಾದಾಗ ಕರೀತೀವೋ ಗೊತ್ತಿಲ್ಲ."

"ಯಾವಾಗರೆ ಕರೀರಿ ಅವ್ವಾ. ಫಿಕರ್ ಮಾಡಬ್ಯಾಡ್ರಿ" ಎಂದೆ.

ಇದು ನನ್ನ ದೊಡ್ಡ ಗುಣವೇನಲ್ಲ. ಒಂದೇ ಗೋಡೆಯ ಎರಡು ಕಡೆ ಬದುಕುವವರು ಇಂಥದ್ದಕ್ಕೆ ಇಲ್ಲ ಎನ್ನಲಾಗುವುದಿಲ್ಲ. ಆದರೆ ಒಪ್ಪಿಕೊಂಡ ಮೇಲೆ ನನಗೂ ಹೆದರಿಕೆ ಹತ್ತಿತು. ಇನ್ನೊಂದು ಗಾಡಿ ಇನ್ನೊಂದು ನಸುಕಿನಲ್ಲಿ ಆ ಹುಡುಗಿಗೆ ಕೈಕೊಡಬಾರದು. ಅಂದಿನಿಂದ ಭಾನುವಾರವಾಗಲಿ, ಹಬ್ಬವಾಗಲಿ, ಬೆಳಗ್ಗೆ ಎದ್ದು ಗಾಡಿ ಚಾಲೂ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಬಂದ್ ಮಾಡುವ ರೂಢಿ ಇಟ್ಟುಕೊಂಡೆ. ಅದು ಕೆಮ್ಮುತ್ತಿತ್ತು, ಹೊಗೆ ಬಿಡುತ್ತಿತ್ತು, ಕಿರುಚುತ್ತಿತ್ತು. ಗೋಡೆಯ ಆಚೆ ಯಾರಾದರೂ ಇದಕ್ಕೆ ಕಿವಿಗೊಟ್ಟು ಮಲಗಿರಬಹುದೆಂದು ನನಗೆ ಹೊಳೆಯಲಿಲ್ಲ.

ಆ ಶನಿವಾರ ಕೋರ್ಟಿನಿಂದ ಹೊರಟವಳು ವಾಡಿಯಲ್ಲಿ ನಿಲ್ಲದೆ ಶಹಾಬಾದಿಗೆ ಹೋಗಿ ಗಾಡಿಯನ್ನು ನನ್ನ ಕಾಯಂ ಗ್ಯಾರೇಜಿನ ಮೇಸ್ತ್ರಿಯ ಮುಂದೆ ನಿಲ್ಲಿಸಿದೆ. ಅವನು ಬಾನೆಟ್ ಎತ್ತಿ, ಬೆಲ್ಟಿಗೆ ಬೆರಳು ಒತ್ತಿ ನೋಡಿ, ಬೆರಳನ್ನು ನನ್ನ ಕಡೆ ಹಿಡಿದ. ಒದ್ದೆಯಾಗಿತ್ತು.

"ಎರಡೂ ಒಂದೇ ಬ್ಯಾನಿ ಮೇಡಂ. ನೀರ ತಿರುಗಸೋ ಪಂಪ್ ಸೋರ್ಲಾಕತ್ತದ. ಅದು ಬೆಲ್ಟಿನ ಮ್ಯಾಲ ಬೀಳ್ತದ. ಥಂಡ್ಯಾಗ ಬೆಲ್ಟ್ ಗಟ್ಟಿ ಆಗಿರ್ತದ, ಹಸಿ ಆದ್ರ ಜಾರ್ತದ, ಜಾರಿ ಒದರ್ತದ. ಬಿಸಿ ಆಗಿ ಆರಿತು ಅಂದ್ರ ಸುಮ್ಮ ಆಗ್ತದ."

ಪಂಪು ಬಿಚ್ಚಿದಾಗ ಒಳಗೆಲ್ಲ ಬಿಳಿ ಸುಣ್ಣ ಗಟ್ಟಿಯಾಗಿ ಕೂತಿತ್ತು. ಅದನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೋರಿಸಿ, ಬೋರಿನ ನೀರು ಹಾಕಿದರೆ ಇದೇ ಗತಿ ಎಂದು ನನಗೆ ಉಪದೇಶ ಮಾಡಿದ.

"ಹೋದ ಸಲ ನಿಮ್ಮ ನಳದ ನೀರ ನೀವೇ ಹಾಕಿ ಕಳಿಸಿದ್ರಲ್ಲ?" ಎಂದೆ.

"ಎಲ್ಲಾರೂ ಅದೇ ಹಾಕ್ತಾರ್ರೀ" ಎಂದ, ಕಿಂಚಿತ್ತೂ ನಾಚಿಕೆಯಿಲ್ಲದೆ.

ಹೀಗೇ ಬಿಟ್ಟಿದ್ದರೆ ಯಾವುದೋ ದಿನ ದಾರಿಯಲ್ಲಿ ಬೆಲ್ಟು ಹರಿದು ಗಾಡಿ ನಿಂತೇ ಬಿಡುತ್ತಿತ್ತು ಎಂದೂ ಹೇಳಿದ. ನನಗೆ ಕಲಬುರಗಿಯ ರಸ್ತೆ ಕಣ್ಣಮುಂದೆ ಬಂತು. ಪಂಪು, ಬೆಲ್ಟು, ಹೀಟರ್ ಪ್ಲಗ್ಗು ಎಲ್ಲ ಹೊಸದು ಹಾಕಿಸಿದೆ. ಹಸಿರು ಶರಬತ್ತನ್ನೂ ತುಂಬಿಸಿದೆ. ಮನೆಗೆ ಬಂದಾಗ ಕತ್ತಲಾಗಿತ್ತು, ಗಲ್ಲಿಯ ಬಾಗಿಲುಗಳೆಲ್ಲ ಚಳಿಗೆ ಮುಚ್ಚಿದ್ದವು. ರಿಪೇರಿಯ ಸುದ್ದಿ ಯಾರಿಗೂ ಹೇಳಲಿಲ್ಲ. ಇಂಥದ್ದನ್ನು ಬಾಗಿಲು ತಟ್ಟಿ ಹೇಳುವ ಸ್ವಭಾವ ನನ್ನದಲ್ಲ.

ಭಾನುವಾರ ನಸುಕಿಗೆ ಎದ್ದು ಗೋಣಿಚೀಲ ಸರಿಸಿ ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಚಾಲೂ ಆಯಿತು. ಕೆಮ್ಮಿಲ್ಲ, ಹೊಗೆಯಿಲ್ಲ. ಕಿರುಚಾಟಕ್ಕೆ ಕಾದೆ, ಅದೂ ಬರಲಿಲ್ಲ. ಮೆಲ್ಲನೆ ಗುಂಯ್ ಎನ್ನುವ ಇಂಜಿನ್ ಬಿಟ್ಟರೆ ಏನಿಲ್ಲ, ಅದೂ ಬಾಗಿಲು ಮುಚ್ಚಿದ ಮನೆಯೊಳಗೆ ಕೇಳುವಂಥದ್ದಲ್ಲ. ನನಗೆ ಆದ ಖುಷಿ ಸಣ್ಣದಲ್ಲ. ಮಗು ಮೊದಲ ಸಲ ರಗಳೆ ಮಾಡದೆ ಶಾಲೆಗೆ ಹೊರಟಾಗ ತಾಯಂದಿರಿಗೆ ಹೀಗೇ ಆಗುತ್ತದೇನೋ. ಇಂಜಿನ್ ಚೆನ್ನಾಗಿ ಬಿಸಿಯಾಗುವ ತನಕ ಬಿಟ್ಟು, ಬಂದ್ ಮಾಡಿ, ಒಳಗೆ ಹೋಗಿ ಚಹಾಕ್ಕಿಟ್ಟೆ. ಗಲ್ಲಿಯಲ್ಲಿ ಒಂದು ಒಲೆಯೂ ಹತ್ತಿರಲಿಲ್ಲ. ಎಲ್ಲರೂ ನನ್ನ ಗಾಡಿಗೆ ಕಾಯುತ್ತ ಮಲಗಿದ್ದಾರೆ ಎಂದುಕೊಂಡು ಒಬ್ಬಳೇ ನಕ್ಕೆ.

ಚಹಾ ಮುಗಿಯುವ ಮೊದಲೇ ಗಲ್ಲಿಗೆ ಟಂಟಂ ಆಟೋ ಬಂದು ನಿಂತ ಸದ್ದಾಯಿತು. ಎರಡೂ ಬದಿ ತೆರೆದ, ಗಾಳಿ ನೇರ ಎದೆಗೆ ಹೊಡೆಯುವ ಗಾಡಿ ಅದು. ಕಿಟಕಿಯಿಂದ ನೋಡಿದರೆ ಪಕ್ಕದ ಮನೆಯ ಅತ್ತೆ ಸೊಸೆಯ ರಟ್ಟೆ ಹಿಡಿದು ಮೆಟ್ಟಿಲು ಇಳಿಸುತ್ತಿದ್ದರು. ಹುಡುಗಿಯ ಮೈಮೇಲೆ ಎರಡು ಕೌದಿ ಇದ್ದರೂ ಹಲ್ಲು ಕಟಕಟ ಎನ್ನುತ್ತಿದ್ದವು. ಲೋಟ ಅಲ್ಲೇ ಬಿಟ್ಟು ಓಡಿದೆ.

"ಏನಾಯ್ತ್ರೀ ಅವ್ವಾ?"

"ಬ್ಯಾನಿ ಸುರು ಆಗ್ಯಾವ, ತಂಗಿ. ನಸಿಕಿನಿಂದ ತಿನ್ನಲಾಕತ್ತಾವ."

"ಮತ್ತ ನನ್ನ ಕರೀಲಿಲ್ಲ? ಇದೇನು ಟಂಟಂ?"

ಆ ಹೆಂಗಸು ಮುಖ ತಗ್ಗಿಸಿದರು. ನನ್ನನ್ನು ನೋಯಿಸಬಾರದೆಂದು ಮಾತು ಹುಡುಕುವುದು ಕಾಣುತ್ತಿತ್ತು.

"ನಿನ್ನ ಗಾಡಿ ಇವತ್ತ ಚಾಲೂ ಆಗಲಿಲ್ಲಲ್ಲವ್ವಾ. ನಾವ್ ಕಾದ್ವಿ. ಆವಾಜೇ ಬರಲಿಲ್ಲ. ಕೆಟ್ಟ ಗಾಡಿ ಕೇಳಿ ನಿನಗ ಸಂಕೋಚ ಯಾಕ ಮಾಡೋದು ಅಂತ ಇದನ್ನ ಕರಸ್ದೆ."

ನನಗೆ ಸಿಟ್ಟೇ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಆ ಹುಡುಗಿಗಾಗಿ ರಿಪೇರಿ ಮಾಡಿಸಿದ ಗಾಡಿ ಅವಳ ಪಾಲಿಗೆ ಸತ್ತು ಹೋಗಿತ್ತು. ಚಾಲೂ ಆಗಿದೆ, ಈಗಷ್ಟೇ ಬಂದ್ ಮಾಡಿದ್ದೇನೆ, ನಿನ್ನೆ ಸರಿ ಮಾಡಿಸಿ ತಂದಿದ್ದೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ನನ್ನ ಮುಖ ನೋಡಿದಳು. ಅವಳು ನಂಬಲಿಲ್ಲ. ಸಮಾಧಾನಕ್ಕೆ ಹೇಳುವ ಮಾತುಗಳನ್ನು ಅವಳು ಹಿಂದೆ ಒಮ್ಮೆ ಒಂದು ಜೀಪಿನ ಪಕ್ಕ ನಿಂತು ಸಾಕಷ್ಟು ಕೇಳಿದ್ದಳು.

ಆಮೇಲೆ ಅವಳು ಅತ್ತೆಯ ಕೈ ಬಿಡಿಸಿಕೊಂಡು, ಹೊಟ್ಟೆ ಹಿಡಿದುಕೊಂಡೇ ನನ್ನ ಕಾರಿನ ಹತ್ತಿರ ನಡೆದು ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಕೆಳಗೆ ಇಂಜಿನ್ ಇನ್ನೂ ಬಿಸಿಯಿತ್ತು. ಎರಡನೆಯ ಕೈಯನ್ನೂ ಇಟ್ಟಳು. ಬೇನೆ ಬಂದು ಹೋಗುವ ತನಕ ಹಾಗೇ ಬಗ್ಗಿ ನಿಂತಿದ್ದು, ತಲೆ ಎತ್ತಿ ಅತ್ತೆಗೆ ಹೇಳಿದಳು:

"ಬಿಸಿ ಅದ, ಅತ್ತಿ. ಇದರಾಗೇ ಹೋಗೋಣ."

ಟಂಟಂದವನು ಗೊಣಗದೆ ಗಾಡಿ ಹಿಂದಕ್ಕೆ ತೆಗೆದು ದಾರಿ ಬಿಟ್ಟ. ಮಗನಿಗೆ ಫೋನು ಹೋಯಿತು, ಅವನು ಖಣಿಯಿಂದ ನೇರ ಕಲಬುರಗಿಗೆ ಬರುತ್ತೇನೆಂದ. ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ಅವಳ ತಲೆ. ನಾನು ಕೀಲಿ ತಿರುಗಿಸಿದೆ. ಸದ್ದಿಲ್ಲದೆ ಹೊರಟ ಗಾಡಿಯನ್ನು, ಟಂಟಂ ಸದ್ದಿಗೆ ಎದ್ದು ಗಲ್ಲಿಯ ಬಾಗಿಲುಗಳಲ್ಲಿ ನಿಂತವರೆಲ್ಲ ಬೆರಗಿನಿಂದ ನೋಡಿದರು.

ಕಾಗಿಣಾ ಸೇತುವೆಯ ಮೇಲೆ ಮಂಜು ದಟ್ಟವಾಗಿತ್ತು. ಎದುರಿನ ಕಲ್ಲಿನ ಲಾರಿಗಳ ದೀಪ ಮಾತ್ರ ಕಾಣುತ್ತಿತ್ತು. ನಾನು ನಿಧಾನ ಮಾಡಿದಾಗಲೆಲ್ಲ ಹಿಂದಿನಿಂದ ಅವಳು, "ಅಕ್ಕಾ, ಚಾಲೂ ಅದ ಇಲ್ಲ?" ಎಂದು ಕೇಳುತ್ತಿದ್ದಳು. ಚಾಲೂ ಅದ ಎಂದು ಹೇಳಿದರೆ ಸಾಲದು, ಆಕ್ಸಿಲರೇಟರ್ ಒತ್ತಿ ಗುರ್ರ್ ಎನಿಸಿ ತೋರಿಸಬೇಕಿತ್ತು. ಶಹಾಬಾದ್ ದಾಟಿದ ಮೇಲೆ ಬೇನೆಯ ನಡುವಿನ ಬಿಡುವಿನಲ್ಲಿ ತಾನಾಗಿಯೇ ಮಾತಾಡಿದಳು. ನನಗೆ ಹೇಳಿದಳೋ ಅತ್ತೆಗೋ ಗೊತ್ತಿಲ್ಲ.

"ಆ ಕೂಸು ಅಳಲೇ ಇಲ್ಲ. ಜೀಪ್ ನಿಂತಿತ್ತು, ಎಲ್ಲಾ ಸುಮ್ಮ ಇತ್ತು. ಈಗ ಅಳ್ತದ, ಈಗ ಅಳ್ತದ ಅಂತ ನಾ ಕೇಳಕೋತ ಇದ್ದೆ."

ಅತ್ತೆ ಅವಳ ಹಣೆಯ ಮೇಲೆ ಕೈ ಇಟ್ಟರು. ಇಂಥ ಹೊತ್ತಿನಲ್ಲಿ ಒಳ್ಳೆಯ ಮಾತು ಆಡುವ ಹೆಂಗಸರಿದ್ದಾರೆ, ನಾನು ಅವರಲ್ಲಿ ಒಬ್ಬಳಲ್ಲ. ಸೆಕೆಂಡ್ ಗೇರಿನಲ್ಲಿ ಇಂಜಿನ್ ಜೋರಾಗಿ ಕೂಗುತ್ತದೆಂದು ನೆನಪಾಗಿ, ಬೇಕಿಲ್ಲದ ಕಡೆಯೂ ಗೇರು ಇಳಿಸಿ ಒಂದಿಷ್ಟು ದೂರ ಓಡಿಸಿದೆ. ಮೇಸ್ತ್ರಿ ಪಕ್ಕದಲ್ಲಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದ.

ಆಸ್ಪತ್ರೆಯಲ್ಲಿ ತಡವಾಗಲಿಲ್ಲ. ಆಪರೇಷನ್ ಎಂದರು, ಸಹಿ ಹಾಕಿಸಿಕೊಂಡರು, ಒಳಗೆ ಕರೆದುಕೊಂಡು ಹೋದರು. ಗಂಡ ಮೈತುಂಬ ಕಲ್ಲಿನ ಪುಡಿ ಹೊತ್ತುಕೊಂಡೇ ಬಂದು ಗೋಡೆಗೆ ಒರಗಿ ನಿಂತ. ಒಳಗಿನಿಂದ ಅಳು ಕೇಳಿಸಿದಾಗ ಅತ್ತೆ ನೆಲದ ಮೇಲೆ ಕುಸಿದು ಕುಳಿತು ಸೆರಗು ಬಾಯಿಗೆ ಒತ್ತಿಕೊಂಡರು. ಹೆಣ್ಣು ಕೂಸು, ಇಬ್ಬರೂ ಆರಾಮ ಎಂದು ನರ್ಸು ಹೊರಗೆ ಬಂದು ಹೇಳಿದಳು. ನಾನು ಕ್ಯಾಂಟೀನಿಗೆ ಹೋಗಿ ಎಲ್ಲರಿಗೂ ಚಹಾ ತಂದೆ. ಹಾಗೆ ಮಾಡಿದ್ದು ಬೇರೇನು ಮಾಡಬೇಕೆಂದು ತೋಚದೆ.

ಹೊಲಿಗೆ ಬಿಚ್ಚಿದ ಮೇಲೆ ಅವರನ್ನು ಅದೇ ಗಾಡಿಯಲ್ಲಿ ಕರೆತಂದೆ. ಮೂಲೆ ಮನೆಯ ರೈಲ್ವೆಯವರು ಮಾತ್ರ ನನ್ನನ್ನು ಕ್ಷಮಿಸಿರಲಿಲ್ಲ. ಒಳ್ಳೆ ಗಾಡಿಯನ್ನು ಹಾಳು ಮಾಡಿಸಿಕೊಂಡು ಬಂದಿರಿ ಎನ್ನುತ್ತಿದ್ದರು.

ಕೂಸಿಗೆ ಹೊತ್ತುಗೊತ್ತು ತಿಳಿಯದು. ನಸುಕಿಗೇ ಎದ್ದು ಅಳಲು ಹಿಡಿಯುತ್ತಿತ್ತು. ಒಂದು ಮುಂಜಾನೆ ಬಹಳ ಹೊತ್ತು ನಿಲ್ಲಲೇ ಇಲ್ಲ. ಹೊಟ್ಟೆನೋವೋ ಏನೋ, ಮನೆಯಲ್ಲಿ ಯಾರೂ ಇಲ್ಲವೇನೋ ಎಂದು ಶಾಲು ಹೊದ್ದು ಹೋಗಿ ಅವರ ಬಾಗಿಲು ದೂಡಿದೆ. ಅತ್ತೆ ನೀರಿಗೆ ಹೋಗಿದ್ದರು. ಮಂಚದ ಕೆಳಗೆ ಕೆಂಡದ ಕುಂಪಟಿ ಇತ್ತು. ಬಾಣಂತಿ ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದಳು. ತಲೆಗೆ ಕುಂಚಿಗೆ ಕಟ್ಟಿಸಿಕೊಂಡ ಕೂಸು ಅವಳ ತೊಡೆಯ ಮೇಲೆ ಮುಷ್ಟಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು ಚೀರುತ್ತಿತ್ತು. ಅವಳು ಅದನ್ನು ತಟ್ಟುತ್ತಿರಲಿಲ್ಲ, ತೂಗುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು.

"ಹಸಿದದಲ್ಲ? ಹಾಲ್ಯಾಕ ಕುಡಸ್ವಲ್ಲಿ?" ಎಂದೆ.

"ಕುಡಸ್ತೀನ್ರಿ ಅಕ್ಕಾ" ಎಂದಳು, ನನ್ನ ಕಡೆ ನೋಡದೆ. "ಇನ್ನೊಂದೀಟ ಅಳಲಿ. ಕೇಳಲಾಕತ್ತೀನಿ."

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅವಳ ಪಕ್ಕ ಕುಳಿತು, ನಾನೂ ಕೇಳಿದೆ.